ಆರನೇ ಹೋಲ್‌ನ ಗಿಡುಗ: ಮನುಷ್ಯರಿಗೆ ಹೆದರದ ಒಂದು ಮರಿಯ ಪ್ರಕರಣ

2024ರ ಜುಲೈ 6, ಶನಿವಾರ. ಬೆಳಗ್ಗೆ ಆರೂವರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ದೂರದ ಒಂದು ಸಾರ್ವಜನಿಕ ಗಾಲ್ಫ್ ಮೈದಾನ. ಆರನೇ ಹೋಲ್‌ನಲ್ಲಿ, ಅಂದರೆ ಚೆಂಡು ಹಾಕಬೇಕಾದ ಆರನೇ ಗುಳಿಯ ಹಾದಿಯಲ್ಲಿ, ನನ್ನ ಚೆಂಡು ಬಂಕರ್ ಅನ್ನುವ ಮರಳು ಗುಂಡಿಗೆ ಬಿದ್ದಿತ್ತು. ಹೊಡೆಯೋಣ ಅಂತ ಹೋದರೆ, ಮರಳು ಸಮ ಮಾಡುವ ರೇಕ್‌ನ ಹಿಡಿಯ ಮೇಲೆ ಒಂದು ಗಿಡುಗ ಕೂತಿತ್ತು.

ನಾಲ್ಕು ಹೆಜ್ಜೆ ದೂರ, ಅಷ್ಟೇ. ನಾನು ಅಲ್ಲೇ ನಿಂತೆ. ಅದು ಹಾರಲಿಲ್ಲ. ತಲೆಯನ್ನು ಮೇಲೆ ಕೆಳಗೆ, ಆ ಕಡೆ ಈ ಕಡೆ ಆಡಿಸಿತು. ದೂರ ಎಷ್ಟಿದೆ ಅಂತ ಗಿಡುಗಗಳು ಅಳೆಯೋದು ಹೀಗೆ. ಕಣ್ಣಿನ ಮೂಲೆಯಿಂದ ಹಾಲಿನ ಕೆನೆಯಂಥ ತೆಳು ಪೊರೆ ಸರಿದು ಬಂದು ವಾಪಸ್ ಹೋಯಿತು. ಅದು ಹಕ್ಕಿಗಳ ಮೂರನೇ ರೆಪ್ಪೆ. ನಲವತ್ತೆರಡು ವರ್ಷದಲ್ಲಿ ನಾನು ಅದನ್ನು ಕಣ್ಣಾರೆ ಕಂಡಿದ್ದು ಅವತ್ತೇ ಮೊದಲು. ಆಮೇಲೆ ಅದು ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಂಡು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಬೇರೆ ಕಡೆ ನೋಡತೊಡಗಿತು.

ನಾನು ಚೆಂಡನ್ನು ಬಿಟ್ಟು ಹಿಂದೆ ಸರಿದೆ. ಖುಷಿಗಿಂತ ಜಾಸ್ತಿ ಗಾಬರಿ ಆಗಿತ್ತು. ಕಾಡು ಹಕ್ಕಿ ಮನುಷ್ಯನಿಂದ ದೂರ ಹಾರಬೇಕು, ಅಲ್ವಾ? ಹಾರಲಿಲ್ಲ ಅಂದರೆ ಏನೋ ತೊಂದರೆ ಆಗಿದೆ ಅಂತಲೇ ಮೊದಲು ಅನಿಸಿದ್ದು.

ಅದು ಕೆಂಪು ಬಾಲದ ಗಿಡುಗ, ಇಲ್ಲಿಯವರು ರೆಡ್-ಟೇಲ್ಡ್ ಹಾಕ್ ಅನ್ನುತ್ತಾರೆ. ಹೆದ್ದಾರಿಯ ದೀಪದ ಕಂಬಗಳ ಮೇಲೆ ದಿನಾ ಕಾಣುವ ಹಕ್ಕಿ. ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ ಮೀರುತ್ತದೆ. ತೂಕ ಒಂದು ಕೆ.ಜಿ. ಆಸುಪಾಸು, ಹೆಣ್ಣು ಗಂಡಿಗಿಂತ ದೊಡ್ಡದು. ಹಾಲಿವುಡ್ ಸಿನಿಮಾಗಳಲ್ಲಿ ಬೋಳು ಹದ್ದನ್ನು (ಬಾಲ್ಡ್ ಈಗಲ್) ತೋರಿಸಿ ಕೇಳಿಸುವ ಆ ಉದ್ದನೆಯ ಗೊಗ್ಗರು ಕೂಗು ಹೆಚ್ಚಾಗಿ ಈ ಗಿಡುಗದ್ದೇ. ಆದರೆ ಬಂಕರ್ ಪಕ್ಕ ಕೂತಿದ್ದ ಹಕ್ಕಿಯ ಬಾಲ ಕೆಂಪಗಿರಲಿಲ್ಲ. ಕಂದು ಬಣ್ಣ, ಅಡ್ಡಡ್ಡ ತೆಳು ಪಟ್ಟೆಗಳು. ಕಣ್ಣು ಮಾಸಲು ಹಳದಿ. ಈ ಎರಡು ಗುರುತು ಸಾಕು, ಅದು ಆ ವರ್ಷವೇ ಹುಟ್ಟಿದ ಮರಿ. ಬಾಲಕ್ಕೆ ಕೆಂಪು ಬರೋದು ಎರಡನೇ ವರ್ಷ.

ಅವತ್ತು ಸಂಜೆ ವನ್ಯಪ್ರಾಣಿಗಳ ಆರೈಕೆಗೆ ಪರವಾನಗಿ ಪಡೆದಿರುವ ಒಬ್ಬ ಮಹಿಳೆಗೆ ಫೋನ್ ಮಾಡಿದೆ. ಅವರು ಸಮಾಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿದರು. ರೆಕ್ಕೆ ಎರಡೂ ಸಮ ಇದ್ದವಾ, ಒಂದು ಜೋತುಬಿದ್ದಿತ್ತಾ? ಕಣ್ಣು ಪೂರ್ತಿ ತೆರೆದಿತ್ತಾ? ಪುಕ್ಕ ಉಬ್ಬಿಸಿಕೊಂಡು ಮುದುಡಿ ಕೂತಿತ್ತಾ? ಕತ್ತು ತಿರುಚಿಕೊಳ್ಳುವುದು, ನಡುಗುವುದು ಏನಾದರೂ? ಕಾಲಿನಲ್ಲಿ ಚರ್ಮದ ಪಟ್ಟಿ, ಗಂಟೆ, ಬಳೆ ಇತ್ತಾ?

ಪ್ರತಿ ಪ್ರಶ್ನೆಯ ಹಿಂದೆಯೂ ಒಂದು ಕಾರಣ ಇತ್ತು. ಕತ್ತು ತಿರುಚುವುದು, ನಡುಕ ಕಂಡರೆ ಹಕ್ಕಿಜ್ವರದ ಅನುಮಾನ. ಎಚ್5ಎನ್1 ಇಲ್ಲಿ 2022ರಿಂದ ಹರಡುತ್ತಿದೆ. ಕಾಯಿಲೆ ಬಿದ್ದ ಬಾತುಕೋಳಿ ತಿಂದ ಗಿಡುಗಗಳಿಗೂ ತಗಲುತ್ತದೆ. ಕಾಲಿಗೆ ಚರ್ಮದ ಪಟ್ಟಿ ಇದ್ದರೆ ಅದು ಯಾರೋ ಬೇಟೆಗೆ ಪಳಗಿಸಿದ ಹಕ್ಕಿ, ತಪ್ಪಿಸಿಕೊಂಡು ಬಂದಿದೆ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಗಿಡುಗ ಪಳಗಿಸುವವರು ಇದ್ದಾರೆ. ಅವರು ಹಿಡಿಯೋದು ಮೊದಲ ವರ್ಷದ ಮರಿಗಳನ್ನೇ, ಯಾಕೆಂದರೆ ಅವು ಮನುಷ್ಯರಿಗೆ ಬೇಗ ಒಗ್ಗುತ್ತವೆ. ಕಣ್ಣು ಅರ್ಧ ಮುಚ್ಚಿ ಮುದುಡಿ ಕೂತಿದ್ದರೆ ಇಲಿ ಪಾಷಾಣದ ಅನುಮಾನ. ಇದರ ಬಗ್ಗೆ ಮುಂದೆ ಹೇಳುತ್ತೇನೆ, ಈ ಪ್ರಕರಣದಲ್ಲಿ ನನಗೆ ನಿದ್ದೆಗೆಡಿಸಿದ ವಿಷಯ ಅದೇ.

ಇದ್ಯಾವುದೂ ಇರಲಿಲ್ಲ. ಕಾಲು ಬರಿದಾಗಿತ್ತು. ಒಂದೇ ಕಾಲಲ್ಲಿ ನಿಂತಿತ್ತು ಅಂದಾಗ ಅವರ ದನಿ ಸಡಿಲವಾಯಿತು. ಹಕ್ಕಿ ಒಂದು ಕಾಲು ಎತ್ತಿಕೊಂಡು ನಿಲ್ಲೋದು ನೆಮ್ಮದಿಯಾಗಿರುವಾಗ. "ಆರೋಗ್ಯವಾಗಿದೆ. ಗೂಡು ಬಿಟ್ಟು ಮೂರು ನಾಲ್ಕು ವಾರ ಆಗಿರಬಹುದು. ಅಪ್ಪ ಅಮ್ಮ ಹತ್ತಿರದಲ್ಲೇ ಇರ್ತಾರೆ. ಅದರ ಪಾಡಿಗೆ ಬಿಡಿ" ಅಂದರು.

ಬಿಡಿ ಅಂದರು. ತಿನ್ನೋಕೆ ಕೊಡಬಹುದಾ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆ ಬೇಸಿಗೆಯಲ್ಲಿ ಅಪ್ಪ ತಿಪಟೂರಿನಿಂದ ಬಂದು ನಮ್ಮ ಜೊತೆ ಇದ್ದರು. ಅವರು ಗಾಲ್ಫ್ ಆಡುವವರಲ್ಲ. ಆದರೆ ಬೆಳಗಿನ ಹೊತ್ತು ಮನೆಯಲ್ಲಿ ಒಬ್ಬರೇ ಕೂರೋದಕ್ಕಿಂತ ಕಾರ್ಟ್‌ನಲ್ಲಿ ನನ್ನ ಪಕ್ಕ ಕೂತು ಬರೋದು ಅವರಿಗೆ ಇಷ್ಟ. ಮಾರನೇ ದಿನ ಭಾನುವಾರ ಅವರಿಗೂ ಮರಿ ತೋರಿಸಿದೆ. ಪೈನ್ ಮರದ ಕೆಳಗಿನ ಕೊಂಬೆಯಲ್ಲಿತ್ತು.

"ಇದೆಂಥ ಗಿಡುಗ ಕಣೋ? ಹದ್ದಿನಷ್ಟು ದಪ್ಪ ಇದೆಯಲ್ಲ" ಅಂದರು. ನಮ್ಮ ತೋಟದ ಕಡೆ ಗಿಡುಗ ಅಂದರೆ ಶಿಕ್ರಾ. ಪಾರಿವಾಳದ ಗಾತ್ರ, ತೆಂಗಿನ ಗರಿಗಳ ನಡುವೆ ಬಾಣದ ಹಾಗೆ ನುಗ್ಗುವ ಹಕ್ಕಿ. ಅಂಗಳದಲ್ಲಿ ಕೋಳಿಮರಿ ಬಿಟ್ಟಾಗ ಅಜ್ಜಿ ಒಂದು ಕಣ್ಣು ಆಕಾಶದ ಕಡೆ ಇಟ್ಟೇ ಇರುತ್ತಿದ್ದರು. ನೆರಳು ಹಾದರೆ ಸಾಕು, ಮೊರ ಬಡಿದು ಕೂಗುತ್ತಿದ್ದರು. ಹಾಗೆ ಬೆಳೆದ ಅಪ್ಪನಿಗೆ, ಇಷ್ಟು ದೊಡ್ಡ ಬೇಟೆಗಾರ ಹಕ್ಕಿ ಮನುಷ್ಯರ ಮುಂದೆ ಸುಮ್ನೆ ಕೂತಿರೋದು ನಂಬಲು ಆಗಲಿಲ್ಲ.

"ಇದಕ್ಕೆ ಯಾರೂ ಮೊರ ಬಡಿದಿಲ್ಲ ಅನ್ಸುತ್ತೆ" ಅಂದರು.

ಆ ಮಾತನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮೈದಾನದ ಹುಲ್ಲು, ಮರಗಳ ಜವಾಬ್ದಾರಿ ಹೊತ್ತ ಸೂಪರಿಂಟೆಂಡೆಂಟ್ ಗೂಡು ತೋರಿಸಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು. ಆರನೇ ಗ್ರೀನ್ (ಗುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲು) ಹಿಂದಿನ ಬಿಳಿ ಪೈನ್ ಮರದ ತುದಿಯಲ್ಲಿ ಕಡ್ಡಿಗಳ ದೊಡ್ಡ ಗೂಡು. ಅದೇ ಜೋಡಿ ಮೂರು ವರ್ಷದಿಂದ ಅಲ್ಲೇ ಮರಿ ಮಾಡುತ್ತಿತ್ತಂತೆ. ಈ ಗಿಡುಗದ ಮರಿ ಮೊಟ್ಟೆ ಒಡೆದು ಬಂದ ಮೇಲೆ ಆರು ವಾರಕ್ಕೂ ಸ್ವಲ್ಪ ಜಾಸ್ತಿ ಗೂಡಲ್ಲೇ ಇರುತ್ತದೆ. ಅಷ್ಟೂ ದಿನ ಅದು ಮೇಲಿನಿಂದ ನೋಡಿದ್ದು ನಮ್ಮನ್ನೇ. ದಿನಕ್ಕೆ ನೂರಾರು ಜನ. ಯಾರೂ ಮೇಲೆ ನೋಡುವುದಿಲ್ಲ. ಎಲ್ಲರ ಕಣ್ಣೂ ನೆಲದ ಮೇಲಿನ ಒಂದು ಬಿಳಿ ಚೆಂಡಿನ ಮೇಲೆ. ಬರುತ್ತಾರೆ, ಕೋಲು ಬೀಸುತ್ತಾರೆ, ಹೋಗುತ್ತಾರೆ. ಗಿಡುಗಕ್ಕೆ ಅಪಾಯ ಅಂದರೆ ತನ್ನನ್ನೇ ದಿಟ್ಟಿಸಿಕೊಂಡು ನೆಟ್ಟಗೆ ಬರುವ ಪ್ರಾಣಿ. ನಾವು ಅದಕ್ಕೆ ಮೇಯುವ ದನಗಳ ಹಾಗೆ ಕಂಡಿದ್ದೇವೆ. ಹೆದರದೇ ಇರೋದು ಅಂದರೆ ಪ್ರೀತಿ ಅಲ್ಲ, ನಂಬಿಕೆಯೂ ಅಲ್ಲ. ನಾವು ಅದರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಇದು ನನಗೆ ಆಗ ಅರ್ಥವಾಗಿರಲಿಲ್ಲ. ಆಗ ನನಗೆ ಅನಿಸಿದ್ದು, ಈ ಮರಿಗೆ ನಾವು ಇಷ್ಟ ಅಂತ.

ಜುಲೈ 13ರಂದು ನನ್ನ ಜೊತೆ ಆಡುತ್ತಿದ್ದವರ ಚೆಂಡು ಫೇರ್‌ವೇ, ಅಂದರೆ ಹುಲ್ಲು ಗಿಡ್ಡಗೆ ಕತ್ತರಿಸಿದ ಹಾದಿಯ, ಮಧ್ಯದಲ್ಲಿ ಬಿದ್ದಿತ್ತು. ಮರಿ ಮರದಿಂದ ಜಾರಿ ಬಂದು, ಎರಡೂ ಕಾಲು ಮುಂದೆ ಚಾಚಿ, ಧೊಪ್ಪನೆ ಅದರ ಮೇಲೆ ಇಳಿಯಿತು. ಚೆಂಡು ಉರುಳಿತು. ಕುಪ್ಪಳಿಸಿಕೊಂಡು ಹಿಂದೆ ಹೋಗಿ ಮತ್ತೆ ಹಿಡಿಯಿತು. ಒಂದು ಕಾಲಲ್ಲಿ ಒತ್ತಿ ಹಿಡಿದು ಕೊಕ್ಕಿನಿಂದ ಕೀಳಲು ನೋಡಿತು. ಉಗುರು ಜಾರಿದಾಗೆಲ್ಲ ರೆಕ್ಕೆ ಬಿಚ್ಚಿ ಸಾವರಿಸಿಕೊಳ್ಳುತ್ತಿತ್ತು. ನಾಲ್ಕೈದು ನಿಮಿಷ ಆದ ಮೇಲೆ ಬಿಟ್ಟು ಹೋಯಿತು. ಪೈನ್ ಕಾಯಿ, ಒಣ ಕಡ್ಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೀಗೆ ಕೊಂದು ಕೊಂದು ಬೇಟೆ ಕಲಿಯುವ ವಯಸ್ಸು ಅದು. ಗಾಲ್ಫ್ ನಿಯಮದಲ್ಲಿ ಇದಕ್ಕೂ ಉತ್ತರ ಇದೆ. ನಿಂತ ಚೆಂಡನ್ನು ಪ್ರಾಣಿ ಪಕ್ಷಿ ಸರಿಸಿದರೆ ದಂಡ ಇಲ್ಲ, ಮೊದಲಿದ್ದ ಜಾಗದಲ್ಲೇ ಇಟ್ಟು ಆಡಬೇಕು. ರೂಲ್ 9.6. ಆ ಚೆಂಡಿನ ಮೇಲೆ ನಾಲ್ಕು ಗೀರು ಬಿದ್ದಿದ್ದವು. ಅವರು ಅದನ್ನು ಆಡದೆ ಜೇಬಿಗೆ ಹಾಕಿಕೊಂಡರು.

ಈ ಸಲ ಹಕ್ಕಿಯನ್ನು ಚೆನ್ನಾಗಿ ನೋಡಿದೆ. ಎಡ ರೆಕ್ಕೆಯ ಹಿಂಭಾಗದಲ್ಲಿ ಒಂದು ಗರಿ ಅರ್ಧಕ್ಕೆ ಮುರಿದಿತ್ತು. ಹಾರುವಾಗ ಅಲ್ಲಿ ಒಂದು ಸಂದಿ ಕಾಣುತ್ತಿತ್ತು. ಆಮೇಲೆ ಅದೇ ಹಕ್ಕಿ ಅಂತ ಗುರುತಿಸಿದ್ದು ಆ ಸಂದಿಯಿಂದ.

ಮಾರನೇ ದಿನ ಅಪ್ಪ ಒಂದು ಬಿಳಿ ಪ್ಲಾಸ್ಟಿಕ್ ಚೀಲ ತಂದಿದ್ದರು. ಅದರಲ್ಲಿ ಹಿಂದಿನ ರಾತ್ರಿ ಸಾರಿಗೆ ತಂದಿದ್ದ ಕೋಳಿಯ ಎದೆ ಮಾಂಸದ ನಾಲ್ಕು ಚೂರು. "ಪಾಪ, ಚೆಂಡು ತಿನ್ನೋಕೆ ಹೋಗಿತ್ತಲ್ಲೋ. ಹಸಿದಿರಬೇಕು" ಅಂದರು. ಅದು ನಿಜಕ್ಕೂ ಹಸಿದ ಮಗುವಿನ ಹಾಗೇ ಕೂಗುತ್ತಿತ್ತು. ಗೂಡು ಬಿಟ್ಟ ಮರಿಗಳು ಅಪ್ಪ ಅಮ್ಮನಿಂದ ಊಟ ಕೇಳುವ ಕೂಗು ಅದು, ಬೆಳಗಿನಿಂದ ಸಂಜೆವರೆಗೂ ನಡೆಯುತ್ತದೆ. ನನಗೆ ಅದು ಗೊತ್ತಿತ್ತು. ಆದರೂ ನಾನು ಬೇಡ ಅನ್ನಲಿಲ್ಲ. ಬದಲಿಗೆ ಫೋನ್ ತೆಗೆದು ವಿಡಿಯೋ ಮಾಡಿದೆ. ಅಪ್ಪ ಚೂರನ್ನು ಹುಲ್ಲಿನ ಮೇಲೆ ಇಟ್ಟು ಹತ್ತು ಹೆಜ್ಜೆ ಹಿಂದೆ ಬಂದರು. ಮರಿ ಇಳಿದು, ರೆಕ್ಕೆಗಳನ್ನು ಕೊಡೆಯ ಹಾಗೆ ಬಗ್ಗಿಸಿ ಮಾಂಸ ಮುಚ್ಚಿಕೊಂಡು ತಿಂದಿತು. ಅಪ್ಪನ ಮುಖದಲ್ಲಿ ಅವತ್ತು ಕಂಡ ಸಂತೋಷವನ್ನು ಅಮೆರಿಕಕ್ಕೆ ಬಂದ ಮೇಲೆ ನಾನು ನೋಡಿರಲಿಲ್ಲ. ಬಹುಶಃ ಅದಕ್ಕೇ ನನ್ನ ಬಾಯಿ ಕಟ್ಟಿಹೋಯಿತು. ಮುಂದಿನ ಶನಿವಾರವೂ ಕೊಟ್ಟೆವು.

ಜುಲೈ 27ರಂದು ಆರನೇ ಟೀ, ಅಂದರೆ ಆ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗದ, ಹತ್ತಿರ ಒಬ್ಬ ಹೆಂಗಸು ಬಿಳಿ ಚೀಲದಿಂದ ಸ್ಯಾಂಡ್‌ವಿಚ್ ತೆಗೆಯುತ್ತಿದ್ದರು. ಮರಿ ಮರದಿಂದ ನೇರ ಅವರ ಕಡೆ ಬಂತು. ಅವರು ಕಿರುಚಿ ಚೀಲ ಬಿಸಾಡಿ ಕೂತುಬಿಟ್ಟರು. ಉಗುರು ತಗಲಲಿಲ್ಲ. ಮರಿ ಚೀಲದ ಪಕ್ಕ ಇಳಿದು ಹರಿಯಲು ಶುರು ಮಾಡಿತು. ನಾವು ಹಿಂದಿನ ಹೋಲ್‌ನಿಂದ ನೋಡುತ್ತಿದ್ದೆವು. ಅಪ್ಪ ನನ್ನ ತೋಳು ಹಿಡಿದುಕೊಂಡರು. ಇಬ್ಬರಿಗೂ ಬೇರೆ ಮಾತು ಬೇಕಿರಲಿಲ್ಲ. ಅದು ಹುಡುಕಿದ್ದು ಬಿಳಿ ಚೀಲವನ್ನು. ಎರಡೇ ಸಲಕ್ಕೆ ಕಲಿತುಬಿಟ್ಟಿತ್ತು.

ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆವು, ನಡೆದದ್ದನ್ನು ಹೇಳಿದೆವು. ಸೂಪರಿಂಟೆಂಡೆಂಟ್‌ಗೂ ಹೇಳಿದೆ. ಸಂಜೆ ಮತ್ತೆ ಅದೇ ಮಹಿಳೆಗೆ ಫೋನ್. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಸಲ?" ಅಂತ ಕೇಳಿದರು. ಎರಡು ಅಂದೆ. "ಹಾಗಾದರೆ ಇನ್ನೂ ಕಾಲ ಮಿಂಚಿಲ್ಲ" ಅಂದರು.

ಅವರಿಂದ ನಾನು ಕಲಿತದ್ದು ಇಷ್ಟು. ಮನುಷ್ಯರ ಹತ್ತಿರ ಊಟಕ್ಕೆ ಬರುವ ಗಿಡುಗವನ್ನು ಜನ ಒಂದು ದಿನ ಮೆಚ್ಚುತ್ತಾರೆ, ಎರಡನೇ ದಿನ ದೂರು ಕೊಡುತ್ತಾರೆ. ಯಾರಿಗಾದರೂ ಗಾಯವಾದರೆ ಹಕ್ಕಿಯನ್ನು ಹಿಡಿಸುತ್ತಾರೆ. ಮನುಷ್ಯರನ್ನೇ ನೆಚ್ಚಿಕೊಂಡ ಹಕ್ಕಿಯನ್ನು ಮತ್ತೆ ಕಾಡಿಗೆ ಬಿಡೋದು ಕಷ್ಟ. ಇನ್ನೊಂದು, ಅಂಗಡಿಯ ಮೂಳೆ ಇಲ್ಲದ ಮಾಂಸ ಬೆಳೆಯುವ ಗಿಡುಗಕ್ಕೆ ಊಟವೇ ಅಲ್ಲ. ಅದು ಇಲಿಯನ್ನು ಮೂಳೆ, ಕೂದಲು ಸಮೇತ ನುಂಗುತ್ತದೆ. ಮೂಳೆ ಗಟ್ಟಿಯಾಗಲು ಬೇಕಾದ ಸುಣ್ಣದ ಅಂಶ ಬರೋದು ಅಲ್ಲಿಂದ. ಬರೀ ಮಾಂಸ ಹಾಕಿ ಬೆಳೆಸಿದ ಮರಿಗಳ ಮೂಳೆ ಮೆತ್ತಗಾಗಿ ಮುರಿಯುತ್ತದೆ. ಮೂರನೆಯದು ಸಮಯದ ಲೆಕ್ಕ. ಗೂಡು ಬಿಟ್ಟ ಮೇಲೆ ಮರಿಗೆ ಸ್ವಂತ ಬೇಟೆ ಕಲಿಯಲು ಸಿಗೋದು ಕೆಲವೇ ವಾರ, ಅಲ್ಲಿಯವರೆಗೆ ಅಪ್ಪ ಅಮ್ಮ ತಂದುಕೊಡುತ್ತಾರೆ. ಅವು ಕೊಡೋದನ್ನು ಕಡಿಮೆ ಮಾಡುತ್ತಾ ಹೋದ ಹಾಗೆ ಹಸಿವೇ ಕಲಿಸುತ್ತದೆ. ಆ ಹಸಿವನ್ನು ನಾವು ಮಧ್ಯದಲ್ಲಿ ಬಂದು ತಣಿಸುತ್ತಿದ್ದೆವು. ಈ ಗಿಡುಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳು ಮೊದಲ ವರ್ಷವನ್ನೇ ದಾಟುವುದಿಲ್ಲ. ದಾಟಿದರೆ ಬಹಳ ಕಾಲ ಬಾಳಬಲ್ಲವು. 1981ರಲ್ಲಿ ಮಿಶಿಗನ್‌ನಲ್ಲಿ ಕಾಲಿಗೆ ಬಳೆ ಹಾಕಿ ಬಿಟ್ಟಿದ್ದ ಒಂದು ಹಕ್ಕಿ 2011ರಲ್ಲಿ ಸಿಕ್ಕಿತು. ಅದಕ್ಕೆ ಮೂವತ್ತು ವರ್ಷ ದಾಟಿತ್ತು.

ಇನ್ನು ಇಲಿ ಪಾಷಾಣದ ವಿಷಯ. ಫೋನಿನಲ್ಲಿ ಅವರು ಕೇಳಿದ ಕೊನೆಯ ಪ್ರಶ್ನೆ, "ಕ್ಲಬ್ ಹೌಸ್ ಹಿಂದೆ ಕಪ್ಪು ಡಬ್ಬಿಗಳಿವೆಯಾ?" ಇದ್ದವು. ಅಡುಗೆಮನೆಯ ಬಾಗಿಲ ಪಕ್ಕ ಎರಡು, ಕಸದ ತೊಟ್ಟಿಯ ಹತ್ತಿರ ಎರಡು. ಇಲ್ಲಿ ಯಾವ ಹೋಟೆಲ್, ಯಾವ ಅಪಾರ್ಟ್‌ಮೆಂಟ್ ಹಿಂದೆ ಹೋದರೂ ಕಾಣುವ ಡಬ್ಬಿಗಳೇ. ಒಳಗಿರೋದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಓಡಾಡುತ್ತದೆ, ನಿಧಾನವಾಗುತ್ತದೆ, ಬಯಲಿಗೆ ಬರುತ್ತದೆ. ಬೇಟೆ ಕಲಿಯುತ್ತಿರುವ ಮರಿಗೆ ಅಂಥ ಇಲಿಯೇ ಸುಲಭದ ತುತ್ತು. ವಿಷ ಗಿಡುಗದ ಪಿತ್ತಜನಕಾಂಗದಲ್ಲಿ, ಅಂದರೆ ಈಲಿಯಲ್ಲಿ, ಕೂಡುತ್ತಾ ಹೋಗುತ್ತದೆ. ಇದೇ ರಾಜ್ಯದ ಟಫ್ಟ್ಸ್ ವಿಶ್ವವಿದ್ಯಾಲಯದ ವನ್ಯಪ್ರಾಣಿ ಚಿಕಿತ್ಸಾಲಯದ ಮೌರೀನ್ ಮರ್ರೆ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 43 ಕೆಂಪು ಬಾಲದ ಗಿಡುಗಗಳನ್ನು ಪರೀಕ್ಷಿಸಿದ್ದರು. ನಲವತ್ಮೂರರಲ್ಲೂ ಈ ವಿಷ ಇತ್ತು. ಒಂದೂ ಬಿಟ್ಟಿಲ್ಲ. ಬಾಸ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಊರವರೆಲ್ಲ ಎಂಕೆ ಅಂತ ಕರೆಯುತ್ತಿದ್ದ ಬೋಳು ಹದ್ದು 2023ರಲ್ಲಿ ಸತ್ತಿದ್ದೂ ಇದರಿಂದಲೇ.

ಒಂದು ಮರಿ ನಮ್ಮನ್ನು ಕಂಡು ಹಾರಲಿಲ್ಲ ಅಂದಾಗ ಅದು ಹೆದರಲಿಲ್ಲವೋ, ಹಾರಲು ಶಕ್ತಿಯೇ ಇಲ್ಲವೋ ಅನ್ನೋದು ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತದೆ. ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಇದು. ಆ ವಾರ ದಿನಾ ಆಫೀಸಿಗೆ ಹೋಗುವ ಮೊದಲು ಹೋಗಿ ರಸ್ತೆ ಬದಿಯಿಂದ ಬೈನಾಕ್ಯುಲರ್‌ನಲ್ಲಿ ನೋಡಿ ಬರುತ್ತಿದ್ದೆ.

ಸೂಪರಿಂಟೆಂಡೆಂಟ್ ಬಗ್ಗೆ ನನಗೆ ತುಂಬಾ ಗೌರವ. ಎರಡೇ ದಿನದಲ್ಲಿ ಡಬ್ಬಿಗಳನ್ನು ತೆಗೆಸಿ, ಫಟ್ಟನೆ ಬಡಿಯುವ ಇಲಿಬೋನು ಇಡಿಸಿದರು. ಕಸದ ತೊಟ್ಟಿಗೆ ಗಟ್ಟಿ ಮುಚ್ಚಳ ಬಂತು. ಪೈನ್ ಮರದ ಸುತ್ತ ಹುಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ಗೆರೆ ಎಳೆದು, ಗೂಟ ನೆಟ್ಟು ಹಗ್ಗ ಕಟ್ಟಿದರು. ಆ ಜಾಗ ಆಟಕ್ಕಿಲ್ಲ ಅಂತ ಘೋಷಿಸಿದರು. ಗಾಲ್ಫ್‌ನಲ್ಲಿ ಹಾಗೆ ಮಾಡುವ ಅವಕಾಶ ಇದೆ. ಚೆಂಡು ಗೆರೆಯೊಳಗೆ ಬಿದ್ದರೆ ದಂಡವಿಲ್ಲದೆ ಹೊರಗೆ ಡ್ರಾಪ್ ಮಾಡಿ ಆಡಬೇಕು. ಹುಡುಕಿಕೊಂಡು ಒಳಗೆ ಹೋಗೋಕೆ ಯಾರಿಗೂ ಕಾರಣವೇ ಇಲ್ಲ. ಟೀ ಹತ್ತಿರ ಒಂದು ಹಲಗೆ: ಇಲ್ಲಿ ತಿನ್ನಬೇಡಿ, ಹಕ್ಕಿಗೆ ಏನೂ ಕೊಡಬೇಡಿ.

ಅಪ್ಪ ಎರಡು ವಾರ ಮೈದಾನಕ್ಕೆ ಬರಲಿಲ್ಲ. ಕೇಳಿದರೆ ಮಂಡಿ ನೋವು ಅಂದರು. ಆಗಸ್ಟ್ ಮಧ್ಯದಲ್ಲಿ ಒಂದು ದಿನ ತಾವಾಗಿಯೇ ಹೊರಟರು. ಹಗ್ಗದ ಹೊರಗೆ, ಗ್ರೀನ್‌ನಿಂದ ದೂರದಲ್ಲಿ ಅವರಿಗೆ ಒಂದು ಗರಿ ಸಿಕ್ಕಿತು. ಇಟ್ಟಿಗೆ ಕೆಂಪು, ತುದಿಯಲ್ಲಿ ಒಂದು ಕಪ್ಪು ಪಟ್ಟೆ. ಬೇಸಿಗೆಯಲ್ಲಿ ದೊಡ್ಡ ಹಕ್ಕಿಗಳು ಗರಿ ಬದಲಿಸುತ್ತವೆ, ಅದು ಅಪ್ಪ ಗಿಡುಗದ್ದೋ ಅಮ್ಮ ಗಿಡುಗದ್ದೋ ಬಾಲದ ಗರಿ. ಅಂಗೈ ಮೇಲೆ ಇಟ್ಟು ಬೆರಳಿನಿಂದ ಒಂದೇ ದಿಕ್ಕಿಗೆ ಸವರಿದರು. ತಿಪಟೂರಿಗೆ ಒಯ್ಯುತ್ತೇನೆ ಅಂದರು.

"ಅಪ್ಪಾ, ಗರಿ ಇಟ್ಕೊಳ್ಳೋದೂ ಇಲ್ಲಿ ತಪ್ಪು. 1918ರ ಕಾನೂನು. ಹಕ್ಕಿ ಹಿಡಿಯೋಕಿಲ್ಲ, ಸಾಕೋಕಿಲ್ಲ, ಬಿದ್ದ ಗರಿ ಕೂಡ ಇಟ್ಕೊಳ್ಳೋ ಹಾಗಿಲ್ಲ."

"ಬಿದ್ದ ಗರಿನೂ?"

"ಹೌದಪ್ಪ. ಬಿದ್ದಿದ್ದೋ ಕಿತ್ತಿದ್ದೋ ಅಂತ ಹೇಗೆ ಗೊತ್ತಾಗುತ್ತೆ ಹೇಳಿ."

ಅವರು ತಲೆಯಾಡಿಸಿ, ಬಗ್ಗಿ, ಎತ್ತಿಕೊಂಡ ಜಾಗದಲ್ಲೇ ಇಟ್ಟರು.

ನಾನು ಆ ಬೇಸಿಗೆ ಪೂರ್ತಿ ಒಂದು ಲೆಕ್ಕ ಇಟ್ಟಿದ್ದೆ. ಗಾಲ್ಫ್ ಆಡುವವರ ಹತ್ತಿರ ದೂರ ಅಳೆಯುವ ರೇಂಜ್‌ಫೈಂಡರ್ ಇರುತ್ತದೆ. ಆಡುತ್ತಾ ಹೋಗುವಾಗ ಮರಿ ಯಾವಾಗ ಹಾರಿತೋ ಆಗ ನಿಂತು, ಅದು ಕೂತಿದ್ದ ಮರಕ್ಕೆ ಅಥವಾ ಗೂಟಕ್ಕೆ ಹಿಡಿದು ಅಳೆಯುತ್ತಿದ್ದೆ. ಬೇಕೆಂದೇ ಹತ್ತಿರ ಹೋಗುತ್ತಿರಲಿಲ್ಲ. ಮೊದಲ ಸಲ ನಾಲ್ಕು ಹೆಜ್ಜೆಗೂ ಹಾರಿರಲಿಲ್ಲ. ಆಗಸ್ಟ್ 3ಕ್ಕೆ 9 ಗಜ. ಆಗಸ್ಟ್ 10ಕ್ಕೂ 9 ಗಜವೇ, ಅವತ್ತು ನನ್ನ ಕೈಲಿದ್ದ ಬಿಳಿ ಟವೆಲ್ಲನ್ನೇ ನೋಡುತ್ತಿತ್ತು. ಟವೆಲ್ ಬ್ಯಾಗಿನೊಳಗೆ ತುರುಕಿ ತಲೆ ತಗ್ಗಿಸಿಕೊಂಡು ಹೋದೆ. ಆಗಸ್ಟ್ 24ಕ್ಕೆ 22.

ಆ ಹೊತ್ತಿಗೆ ಅದರ ಕೂಗೂ ಕಡಿಮೆಯಾಗಿತ್ತು. ಮಳೆ ಬಂದ ಮಾರನೇ ದಿನ ಫೇರ್‌ವೇ ಮೇಲೆ ಕೋಳಿಯ ಹಾಗೆ ನಡೆದಾಡಿ ಎರೆಹುಳು ಹೆಕ್ಕುತ್ತಿತ್ತು. ಉದ್ದ ಹುಲ್ಲಿನ ಅಂಚಿನಲ್ಲಿ ಮಿಡತೆ ಹಿಡಿಯುತ್ತಿತ್ತು. ಕಿಂಗ್‌ಬರ್ಡ್ ಅನ್ನುವ ಸಣ್ಣ ಹಕ್ಕಿಗಳು ಅದರ ಬೆನ್ನಟ್ಟಿ ತಲೆಗೆ ಕುಕ್ಕುತ್ತಿದ್ದವು. ನಮ್ಮ ಹೊಲಗಳಲ್ಲಿ ಕಾಜಾಣ ಹದ್ದನ್ನು ಓಡಿಸುತ್ತದಲ್ಲ, ಥೇಟ್ ಹಾಗೇ. ಜುಲೈನಲ್ಲಿ ಕುಕ್ಕಿಸಿಕೊಂಡು ಸುಮ್ಮನೆ ಕೂರುತ್ತಿದ್ದ ಮರಿ, ಈಗ ತಿರುಗಿ ಬಾಯಿ ತೆರೆದು ಹೆದರಿಸುತ್ತಿತ್ತು. ಸೆಪ್ಟೆಂಬರ್ 7ರಂದು ವೋಲ್ ಹಿಡಿದಿದ್ದು ನೋಡಿದೆ. ಹುಲ್ಲಿನಡಿ ದಾರಿ ಮಾಡಿಕೊಂಡು ಓಡುವ ಗುಂಡು ಇಲಿ ಅದು. ಅವತ್ತು 34 ಗಜಕ್ಕೇ ಎದ್ದು, ಬೇಟೆ ಸಮೇತ ಕಾಡಿನ ಕಡೆ ಹೋಯಿತು. ಕೈಲಿ ಊಟ ಇರುವಾಗ ನಾನು ಕಳ್ಳನ ಹಾಗೆ ಕಂಡೆ ಅಂತ ಕಾಣುತ್ತದೆ. ನನಗೆ ಅಷ್ಟು ಸಂತೋಷ ಕೊಟ್ಟ ಅವಮಾನ ಇನ್ನೊಂದಿಲ್ಲ.

ಅಪ್ಪ ಸೆಪ್ಟೆಂಬರ್ ಕೊನೆಗೆ ಊರಿಗೆ ಹೋದರು. ಅಕ್ಟೋಬರ್ ಮೊದಲ ವಾರ ಮೈದಾನದವರು ಹಗ್ಗ, ಗೂಟ ತೆಗೆದರು. ಹುಲ್ಲು ಕತ್ತರಿಸುವ ಯಂತ್ರ ಬಿಳಿ ಗೆರೆಯನ್ನು ಅಳಿಸಿತ್ತು.

ಅಕ್ಟೋಬರ್ 19ರ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಹದಿನಾಲ್ಕನೇ ಹೋಲ್‌ನ ಒಣ ಓಕ್ ಮರದಲ್ಲಿ ಒಂದು ಗಿಡುಗ. ನಾನು ಕಾರ್ಟ್‌ನಿಂದ ಇಳಿದೆ. ಕಾಲು ನೆಲಕ್ಕೆ ತಾಗುವುದರೊಳಗೆ ಅದು ಹಾರಿತು. ಎಡ ರೆಕ್ಕೆಯಲ್ಲಿ ಸಂದಿ ಕಂಡಿತು. ಮರಕ್ಕೆ ಹಿಡಿದು ಅಳೆದೆ, 58 ಗಜ.

ರಾತ್ರಿ ಅಪ್ಪ ಫೋನ್ ಮಾಡಿದಾಗ ಮೊದಲು ಕೇಳಿದ್ದು ಅದನ್ನೇ. "ಮರಿ ಕಾಣಿಸ್ತೇನೋ?"

"ಕಾಣಿಸ್ತು ಅಪ್ಪ. ನನ್ನ ನೋಡಿದ ತಕ್ಷಣ ಹಾರಿಹೋಯ್ತು."

"ಎಷ್ಟು ದೂರ ಇದ್ದೆ?"

ಹೇಳಿದೆ. ಅವರು ಗಜವನ್ನು ಮಾರಿನ ಲೆಕ್ಕಕ್ಕೆ ತಿರುಗಿಸಿ ತಮ್ಮಲ್ಲೇ ಎಣಿಸಿದರು. ಆಮೇಲೆ ಅಲ್ಲಿ ಮಳೆ ಶುರುವಾಗಿದೆ, ಕಾಯಿ ಕೀಳುವವರು ಇನ್ನೂ ಬಂದಿಲ್ಲ ಅಂತ ಹೇಳತೊಡಗಿದರು.